ಮ್ಯಾಗ್ನೆಟ್ ಬರ್ತಿಲ್ವಾ? ಮೊದಲು ಸ್ಕ್ರೂಡ್ರೈವರ್ ಕೆಳಗಿಡಿ

ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಇಂಜಿನ್ನಿನ ಕವರ್ ತೆಗೆದ ಕೂಡಲೇ ಫ್ಲೈವೀಲಿನ, ಅಂದರೆ ಒಳಗೆ ಆಯಸ್ಕಾಂತ ಇರುವುದರಿಂದ ‘ಮ್ಯಾಗ್ನೆಟ್’ ಅನ್ನುವ ಚಕ್ರದ, ಅಂಚು ನೋಡಿ. ಕೆಳಬದಿಯಲ್ಲಿ ಎದುರುಬದುರಾಗಿ ಕಚ್ಚಿದಂಥ ಗುರುತುಗಳಿದ್ದರೆ, ಹಿಂದೆ ಯಾರೋ ಎರಡು ಸ್ಕ್ರೂಡ್ರೈವರ್ ತೂರಿಸಿ ಅದನ್ನು ಎಬ್ಬಿಸಲು ಹೋಗಿದ್ದಾರೆ ಎಂದೇ ಅರ್ಥ. ಉತ್ತರ ಕನ್ನಡ ಕರಾವಳಿಯಲ್ಲಿ ಮಾಜಾಳಿಯಿಂದ ಭಟ್ಕಳದವರೆಗೆ ಇಂಥ ಇಂಜಿನ್‌ಗಳಿಗೇನೂ ಬರವಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ತಡೆ ಇರುವುದರಿಂದ ಟ್ರಾಲರ್‌ಗಳು ಬೈತಖೋಲ್, ತದಡಿ ಬಂದರುಗಳಲ್ಲಿ ಸುಮ್ನೆ ನಿಂತಿರುತ್ತವೆ. 10 ಎಚ್‌ಪಿವರೆಗಿನ ಇಂಜಿನ್ ಕಟ್ಟಿದ ನಾಡದೋಣಿಗಳಿಗೆ ಆ ತಡೆ ಇಲ್ಲ. ಹಾಗಾಗಿ ಚಿಕ್ಕ ಮಿಷಿನ್‌ಗಳಿಗೆ ಮಳೆಗಾಲದಲ್ಲೇ ಕೆಲಸ ಜಾಸ್ತಿ, ಉಪ್ಪುನೀರಿನ ಕಾಟವೂ ಜಾಸ್ತಿ. ಕಿಡಿ ಬರುವುದಿಲ್ಲ, ಇಲ್ಲವೇ ಹಗ್ಗ ಎಳೆದರೆ ಕೈ ಕಿತ್ತು ಹೋಗುವಂತೆ ಹಿಂದಕ್ಕೆ ಜಗ್ಗುತ್ತದೆ. ಆಗ ಒಳಗೆ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಮತ್ತು ಚಕ್ರವನ್ನು ಸರಿ ಜಾಗಕ್ಕೆ ಕೂರಿಸುವ ಸಣ್ಣ ಲೋಹದ ತುಂಡು, ಅಂದರೆ ಕೀ, ನೋಡಬೇಕು. ಅದಕ್ಕೆ ಮ್ಯಾಗ್ನೆಟ್ ಬಿಚ್ಚಲೇಬೇಕು.

ಅದು ಯಾಕೆ ಅಷ್ಟು ಗಟ್ಟಿ ಕೂರುತ್ತದೆ ಅಂತ ತಿಳಿದರೆ ಅರ್ಧ ಕೆಲಸ ಆದಂತೆ. ಚಕ್ರ ಕೂರುವ ದಂಡ, ಅಂದರೆ ಕ್ರ್ಯಾಂಕಿನ ತುದಿ, ಮೇಲಕ್ಕೆ ಹೋದಂತೆ ಸಣ್ಣದಾಗುತ್ತದೆ. ಚಕ್ರದ ತೂತೂ ಅದೇ ಓರೆಯಲ್ಲಿರುತ್ತದೆ. ನಟ್ ಬಿಗಿದಾಗ ಕಟ್ಟಿಗೆಯೊಳಗೆ ಬೆಣೆ ಇಳಿದಂತೆ ಎರಡೂ ಕಚ್ಚಿಕೊಳ್ಳುತ್ತವೆ. ನಟ್ ತೆಗೆದರೂ ಆ ಹಿಡಿತ ಬಿಡುವುದಿಲ್ಲ. ಮೇಲೆ ತುಕ್ಕು ಬೇರೆ. ಚಕ್ರವನ್ನು ಹಿಡಿದಿರುವುದು ಅರ್ಧಚಂದ್ರದ ಕೀ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ, ಅದು ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಸರಿ ಕೂರಿಸಲು ಮಾತ್ರ. ಹಿಡಿದಿರುವುದು ಆ ಓರೆ, ಅಂದರೆ ಟೇಪರ್. ಅದನ್ನು ಬಿಡಿಸಲು ನೇರವಾದ ಎಳೆತ ಬೇಕು, ಜೊತೆಗೆ ಒಂದು ಅದುರುವಿಕೆ. ಪಕ್ಕದಿಂದ ಮೀಟಿದರೆ ಚಕ್ರ ಸೊಟ್ಟಗಾಗುತ್ತದೆ, ಕಾಯಿಲ್ ಒಡೆಯುತ್ತದೆ, ಟೇಪರ್ ಮಾತ್ರ ಅಲ್ಲಾಡುವುದಿಲ್ಲ.

ಇಂಜಿನ್ ದೋಣಿಯಿಂದ ಇಳಿಸಿ ಮರದ ಸ್ಟ್ಯಾಂಡಿಗೆ ಕಟ್ಟಿ. ಟ್ಯಾಂಕ್ ದೂರ ಇಡಿ. ಪ್ಲಗ್ ಬಿಚ್ಚಿ. ಹಗ್ಗದ ಸ್ಟಾರ್ಟರ್ ತೆಗೆದು ಪಕ್ಕಕ್ಕಿಡಿ.

ಈಗ ನಟ್. ಚಕ್ರ ತಿರುಗದಂತೆ ಹಿಡಿಯಲು ಬೆಲ್ಟ್ ಪಾನಾ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸಿಲಿಂಡರಿನೊಳಗೆ ಹಗ್ಗ ತುಂಬಿ ಪಿಸ್ಟನ್ ತಡೆಯುವ ಉಪಾಯ ಇದೆ, ಆದರೆ ಟು-ಸ್ಟ್ರೋಕ್‌ನಲ್ಲಿ ಅದನ್ನು ಕಣ್ಣು ಮುಚ್ಚಿ ಮಾಡಬಾರದು. ಪ್ಲಗ್ ತೂತಿನ ಮೇಲೆ ಬೆರಳಿಟ್ಟು ಚಕ್ರವನ್ನು ಎಡಕ್ಕೆ, ಅಂದರೆ ನಟ್ ಬಿಚ್ಚುವ ದಿಕ್ಕಿಗೆ, ನಿಧಾನ ತಿರುಗಿಸಿ. ಗಾಳಿ ಬೆರಳನ್ನು ತಳ್ಳಲು ಶುರು ಮಾಡಿದರೆ ಪಿಸ್ಟನ್ ಪೋರ್ಟ್‌ಗಳನ್ನು (ಸಿಲಿಂಡರ್ ಗೋಡೆಯ ತೂತುಗಳನ್ನು) ದಾಟಿ ಮೇಲೆ ಬರುತ್ತಿದೆ ಎಂದರ್ಥ. ಆಗ ಮಾತ್ರ ಮೆತ್ತನೆ ಹಗ್ಗ ಒಳಗೆ ತುಂಬಿ, ತುದಿ ಹೊರಗಿರಲಿ. ಮೊದಲೇ ತುಂಬಿದರೆ ಹಗ್ಗ ಪೋರ್ಟಿನಲ್ಲಿ ಸಿಕ್ಕಿ ಕತ್ತರಿಸಿ ಹೋಗುತ್ತದೆ. ಆಮೇಲೆ ಹೆಡ್ ಬಿಚ್ಚುವ ಕೆಲಸ ಬೇರೆ ಬೀಳುತ್ತದೆ. ಬ್ಯಾಟರಿ ಇಂಪ್ಯಾಕ್ಟ್ ಗನ್ ಇದ್ದವರಿಗೆ ಈ ತಾಪತ್ರಯವೇ ಇಲ್ಲ, ನಟ್ ಎರಡು ಸೆಕೆಂಡಿನಲ್ಲಿ ಬರುತ್ತದೆ.

ನಟ್ ಬಂತು ಅಂತ ಅದನ್ನು ಡಬ್ಬಿಗೆ ಹಾಕಬೇಡಿ. ವಾಷರ್ ತೆಗೆದು, ನಟ್ಟನ್ನು ಮತ್ತೆ ಕ್ರ್ಯಾಂಕಿನ ತುದಿಗೆ ಸಮ ಆಗುವವರೆಗೆ ಹಾಕಿ. ಅದು ಥ್ರೆಡ್ ಕಾಯುತ್ತದೆ. ಮ್ಯಾಗ್ನೆಟ್ ಕಿತ್ತು ಬಂದಾಗ ಮುಖದ ಕಡೆ ಹಾರದಂತೆಯೂ ತಡೆಯುತ್ತದೆ.

ಇನ್ನು ಪುಲ್ಲರ್, ಅಂದರೆ ಚಕ್ರವನ್ನು ಎಳೆದು ತೆಗೆಯುವ ಸಾಧನ. ಅಂಚಿಗೆ ಕೊಕ್ಕೆ ಹಾಕಿ ಎಳೆಯುವ ಮೂರು ಕಾಲಿನ ಗೇರ್ ಪುಲ್ಲರ್ ಬೇಡವೇ ಬೇಡ. ‘ಎಲ್ಲದಕ್ಕೂ ಆಗುತ್ತದೆ’ ಎಂದು ಅಂಗಡಿಯವರು ಕೊಡುವುದು ಅದನ್ನೇ. ಅದು ಅಂಚನ್ನು ಬಗ್ಗಿಸುತ್ತದೆ, ಒಳಗೆ ಅಂಟಿಸಿದ ಆಯಸ್ಕಾಂತಗಳನ್ನು ಬಿಡಿಸುತ್ತದೆ. ಬೇಕಾದದ್ದು ದಪ್ಪ ತಟ್ಟೆಯ ಪುಲ್ಲರ್, ತಟ್ಟೆಯ ನಡುವಿನ ದೊಡ್ಡ ಬೋಲ್ಟ್ ಕ್ರ್ಯಾಂಕಿನ ತುದಿಯನ್ನು ಒತ್ತುತ್ತದೆ. ಚಕ್ರದ ನಡುವಿನ ಹತ್ತಿರ ಥ್ರೆಡ್ ಇರುವ ಮೂರು ತೂತುಗಳಿರುತ್ತವೆ, ಅವು ಇರುವುದೇ ಇದಕ್ಕೆ. ಲೇತ್‌ನವರಿಗೆ ಅಳತೆ ಕೊಟ್ಟರೆ ತಟ್ಟೆ ಮಾಡಿಕೊಡುತ್ತಾರೆ. ಆ ಮೂರು ತೂತಿಗೆ ಹಾಕುವ ಬೋಲ್ಟ್ ಮಾತ್ರ ತಲೆಯ ಮೇಲೆ 8.8 ಎಂದು (ಗಟ್ಟಿತನದ ಗುರುತು) ಬರೆದದ್ದೇ ಇರಲಿ. ಅಗ್ಗದ ಸೆಟ್ಟಿನ ಜೊತೆ ಬರುವ ಮೆತ್ತನೆ ಬೋಲ್ಟ್ ಎಳೆದಷ್ಟೂ ಉದ್ದ ಆಗುತ್ತದೆ, ಕೊನೆಗೆ ತೂತಿನೊಳಗೇ ಮುರಿಯುತ್ತದೆ.

ಬೋಲ್ಟ್ ಹಾಕುವ ಮೊದಲು ತೂತಿಗೆ ಒಂದು ತಂತಿ ಬಿಟ್ಟು ಆಳ ನೋಡಿ. ಥ್ರೆಡ್ ಪೂರ್ತಿ ಹಿಡಿಯಬೇಕು, ಆದರೆ ತುದಿ ಕೆಳಗೆ ಇಣುಕಬಾರದು. ಅಲ್ಲೇ ಕೆಳಗೆ ಕಾಯಿಲ್ ಇದೆ. ಬೋಲ್ಟ್ ಉದ್ದ ಅನಿಸಿದರೆ ತಲೆಯ ಕೆಳಗೆ ವಾಷರ್ ಸೇರಿಸಿ. ಮೂರನ್ನೂ ಸಮನಾಗಿ ತಿರುಗಿಸಿ, ತಟ್ಟೆ ಮತ್ತು ಚಕ್ರದ ನಡುವಿನ ಸಂದು ಎಲ್ಲ ಕಡೆ ಒಂದೇ ಇರಲಿ. ಓರೆಯಾಗಿ ಎಳೆದರೆ ಟೇಪರ್ ಇನ್ನೂ ಗಟ್ಟಿ ಕಚ್ಚುತ್ತದೆ. ನಡುವಿನ ಬೋಲ್ಟಿನ ಥ್ರೆಡ್ಡಿಗೂ ಮೊನೆಗೂ ಗ್ರೀಸ್ ಹಚ್ಚಿ.

ತಟ್ಟೆ ತಿರುಗದಂತೆ ಹಿಡಿದು ನಡುವಿನ ಬೋಲ್ಟ್ ಬಿಗಿಯಿರಿ. ಪಾನಾ ಸಾಕು ಸಾಕು ಅನ್ನುವಾಗ ನಿಲ್ಲಿಸಿ. ಪೈಪ್ ತೂರಿಸಿ ಜೋತುಬೀಳಬೇಡಿ. ಈಗ ಕಿಲೋ ತೂಕದ ಸುತ್ತಿಗೆಯಿಂದ ಬೋಲ್ಟಿನ ತಲೆಗೆ ನೇರವಾಗಿ ಒಂದೇ ಏಟು. ಹತ್ತು ಏಟಲ್ಲ, ಒಂದು. ಮತ್ತೆ ಪಾನಾ ಹಾಕಿ ನೋಡಿ. ಸ್ವಲ್ಪ ಸಲೀಸಾಗಿ ತಿರುಗಿದರೆ ಚಕ್ರ ಕದಲಿದೆ. ಬಿಗಿ, ಏಟು, ಬಿಗಿ. ಎರಡು-ಮೂರು ಸರ್ತಿಗೂ ಬರಲಿಲ್ಲ ಅಂದ್ರೆ ಬಿಗಿ ಸಡಿಲಿಸದೆ ಹಾಗೇ ಬಿಟ್ಟು, ಮೇಲೆ ಗೋಣಿ ಹೊದಿಸಿ ಮಲಗಲು ಹೋಗಿ. ರಾತ್ರಿಯಿಡೀ ಆ ಎಳೆತ ಕೆಲಸ ಮಾಡುತ್ತಿರುತ್ತದೆ. ಬೆಳಿಗ್ಗೆ ಒಂದು ಏಟಿಗೆ ಟಣ್ ಎಂದು ಬರುವುದೇ ಹೆಚ್ಚು. ತುಕ್ಕು ಬಿಡಿಸುವ ಸ್ಪ್ರೇ ನಟ್‌ಗೆ ಸರಿ, ಕಚ್ಚಿದ ಟೇಪರ್ ಒಳಗೆ ಅದು ಇಳಿಯುವುದು ಕಡಿಮೆ. ಡಬ್ಬಿಗಟ್ಟಲೆ ಹೊಡೆದು ದುಡ್ಡು ಹಾಳು ಮಾಡಬೇಡಿ.

ಕೊನೆಯ ದಾರಿ ಬಿಸಿ. ಹೀಟ್ ಗನ್ ಹಿಡಿದು ನಡುವಿನ ಭಾಗಕ್ಕೆ ಮಾತ್ರ ಕೊಡಿ, ಅದೂ ಸ್ವಲ್ಪ ಹೊತ್ತು. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್, ಸೀಮೆಎಣ್ಣೆ ಉಳಿದಿರುತ್ತದೆ. ಗ್ಯಾಸ್ ಬೆಂಕಿ ಹತ್ತಿರ ತರಬೇಡಿ. ಜಾಸ್ತಿ ಬಿಸಿಗೆ ಆಯಸ್ಕಾಂತದ ಅಂಟೂ ಕೆಳಗಿನ ಆಯಿಲ್ ಸೀಲೂ ಹೋಗುತ್ತವೆ.

ಬಂದರಿನಲ್ಲಿ ಇನ್ನೊಂದು ಪದ್ಧತಿ ನೋಡಿರುತ್ತೀರಿ. ಒಬ್ಬ ಚಕ್ರ ಹಿಡಿದು ಇಂಜಿನ್ನನ್ನೇ ಎತ್ತುವುದು, ಇನ್ನೊಬ್ಬ ಕ್ರ್ಯಾಂಕಿನ ತಲೆಗೆ ಬಡಿಯುವುದು. ಬರುತ್ತದೆ, ಸುಳ್ಳಲ್ಲ. ಆದರೆ ಆ ಏಟೆಲ್ಲ ಬೇರಿಂಗಿಗೆ ಹೋಗುತ್ತದೆ, ಥ್ರೆಡ್ ಚಪ್ಪಟೆಯಾಗಿ ಅಣಬೆಯಂತಾಗುತ್ತದೆ. ನಿಮ್ಮ ಸ್ವಂತ ಇಂಜಿನ್ನಿಗೆ ಇದನ್ನು ಮಾಡಿಸಬೇಡಿ.

ಬಂದ ಚಕ್ರವನ್ನು ಮರಳಿನ ಮೇಲೆ ಇಡಬೇಡಿ. ಮರಳಿನ ಕರಿ ಕಣಗಳೆಲ್ಲ ಆಯಸ್ಕಾಂತಕ್ಕೆ ಮೆತ್ತಿಕೊಳ್ಳುತ್ತವೆ. ಬಟ್ಟೆ ಹಾಸಿ ಅಂಗಾತ ಇಡಿ. ಕೀ ನಡುವಲ್ಲಿ ಮೆಟ್ಟಿಲಿನಂತೆ ಕತ್ತರಿಸಿದ್ದರೆ ಹಿಂದೆ ಜಗ್ಗಿದ್ದಕ್ಕೆ ಕಾರಣ ಸಿಕ್ಕಿತು. ಹೊಸ ಕೀ ತನ್ನಿ. ಮೊಳೆ ಉಜ್ಜಿ ಕೀ ಮಾಡುವವರಿದ್ದಾರೆ, ಅವರಿಂದ ದೂರ ಇರಿ.

ಕೂರಿಸುವಾಗ ಟೇಪರ್ ಎರಡನ್ನೂ ಥಿನ್ನರ್‌ನಿಂದ ಒರೆಸಿ, ಒಣಗಿಸಿ. ‘ಮುಂದಿನ ಸಲ ಸುಲಭ ಆಗಲಿ’ ಎಂದು ಅಲ್ಲಿ ಗ್ರೀಸ್ ಹಚ್ಚಬೇಡಿ. ಹಿಡಿತ ಜಾರಿ ಕೀ ತುಂಡಾಗುತ್ತದೆ. ನಟ್ಟಿನ ಬಿಗಿ ಇಂಜಿನ್ನಿನ ಪುಸ್ತಕದಲ್ಲಿ ಕೊಟ್ಟಷ್ಟೇ ಇರಲಿ. ಟಾರ್ಕ್ ಪಾನಾ ಇಲ್ಲದವರಿಗೆ ಒಂದು ಲೆಕ್ಕ: ಒಂದು ಮೀಟರ್ ಉದ್ದದ ಹಿಡಿಕೆಯನ್ನು ಅಡ್ಡ ಹಿಡಿದು ತುದಿಯಲ್ಲಿ 10 ಕಿಲೋ ಜಗ್ಗಿದರೆ ಸುಮಾರು 98 ನ್ಯೂಟನ್ ಮೀಟರ್. ತೂಕದ ಸ್ಪ್ರಿಂಗ್ ಕಾಟಾ ಸಿಕ್ಕಿಸಿ ಎಳೆದರೆ ಆಯಿತು.

ಪ್ಲಗ್ ಹಾಕುವ ಮೊದಲು ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಒಳಗೆ ಉಜ್ಜುವ ಸದ್ದು ಬಂದರೆ ಕಾಯಿಲಿಗೆ ತಾಗುತ್ತಿದೆ, ಮತ್ತೆ ಬಿಚ್ಚಿ ನೋಡಿ. ಸದ್ದಿಲ್ಲದಿದ್ದರೆ ಸ್ಟಾರ್ಟರ್ ಕೂರಿಸಿ, ಅದರ ನ್ಯೂಟ್ರಲ್ ಲಾಕ್ ಕೇಬಲ್ ಇದ್ದ ಜಾಗಕ್ಕೇ ಸಿಕ್ಕಿಸಿ. ಅದನ್ನು ಬಿಟ್ಟರೆ ಇಂಜಿನ್ ಗೇರಿನಲ್ಲೇ ಸ್ಟಾರ್ಟ್ ಆಗಿ, ಹಗ್ಗ ಎಳೆದವರು ನೀರಿಗೆ ಬೀಳುತ್ತಾರೆ.