ಆಫರ್ ಲೆಟರ್‌ನಲ್ಲಿ ಸಂಬಳಕ್ಕಿಂತ ಮೊದಲು ಪರ್ಸೆಂಟ್ ನೋಡಿ

ಅಮೆರಿಕದಲ್ಲಿ ಅಗ್ರಿಕಲ್ಚರಲ್ ಅಂಡ್ ಬಯಲಾಜಿಕಲ್ ಎಂಜಿನಿಯರಿಂಗ್ ಓದಿ ಪ್ರೊಫೆಸರ್ ಕೆಲಸ ಹುಡುಕುತ್ತಿದ್ದೀರಾ? ಈ ವಿಭಾಗಗಳು ಹೆಚ್ಚಾಗಿ ಇರುವುದು ಪರ್ಡ್ಯೂ, ಅಯೋವಾ ಸ್ಟೇಟ್ ತರಹದ ಲ್ಯಾಂಡ್ ಗ್ರಾಂಟ್ (ಸರ್ಕಾರ ಕೊಟ್ಟ ಜಮೀನಿನ ನೆರವಿನಿಂದ ಬೆಳೆದ) ಯೂನಿವರ್ಸಿಟಿಗಳಲ್ಲಿ. 1862ರ ಮೊರಿಲ್ ಕಾಯ್ದೆಯಿಂದ ಪಾಠ ಬಂತು, 1887ರ ಹ್ಯಾಚ್ ಕಾಯ್ದೆಯಿಂದ ಸಂಶೋಧನೆ, 1914ರ ಸ್ಮಿತ್-ಲೀವರ್ ಕಾಯ್ದೆಯಿಂದ ಆ ಸಂಶೋಧನೆಯನ್ನು ರೈತರ ಹತ್ತಿರ ಒಯ್ಯುವ ಎಕ್ಸ್‌ಟೆನ್ಷನ್. ಹಳೇ ಕಥೆ ಅಂತ ಸುಮ್ನೆ ಬಿಡಬೇಡಿ, ನಿಮ್ಮ ಹುದ್ದೆ ಇವತ್ತಿಗೂ ಹಂಚಿಹೋಗುವುದು ಈ ಮೂರರ ನಡುವೆಯೇ.

ಆಫರ್ ಲೆಟರ್‌ನಲ್ಲಿ ಅದು ಪರ್ಸೆಂಟ್ ಲೆಕ್ಕದಲ್ಲಿ ಇರುತ್ತದೆ: 60 ಸಂಶೋಧನೆ, 40 ಪಾಠ, ಹೀಗೆ. ಟೆನ್ಯೂರ್ (ಕೆಲಸ ಕಾಯಂ ಆಗುವ) ಕೇಸ್ ಸಾಮಾನ್ಯವಾಗಿ ಆರನೇ ವರ್ಷ ಹೋಗುತ್ತದೆ, ಆಗ ನಿಮ್ಮನ್ನು ಅಳೆಯುವುದೂ ಇದೇ ಲೆಕ್ಕದಲ್ಲಿ. ಎಕ್ಸ್‌ಟೆನ್ಷನ್ ಪಾಲು ಜಾಸ್ತಿ ಇರುವವರು ಬರೀ ಪೇಪರ್ ಬರೆಯುತ್ತಾ ಕೂತರೆ ಕಷ್ಟ.

ನಮ್ಮವರು ಎಕ್ಸ್‌ಟೆನ್ಷನ್ ಅಂದರೆ ಸ್ವಲ್ಪ ಮೂಗು ಮುರಿಯುತ್ತಾರೆ, ನಾನೂ ಹಾಗೇ ಇದ್ದೆ. ರೈತರಿಗೆ ಹೊಲದಲ್ಲೇ ವಿವರಿಸುವ ನನ್ನ ಮೊದಲ ಫೀಲ್ಡ್ ಡೇಯಲ್ಲಿ, ಮೆಕ್ಕೆಜೋಳದ ಹೊಲದ ಅಂಚಿನಲ್ಲಿ ನಿಂತು, ನೆಲದಡಿಯ ಟೈಲ್ ಪೈಪ್‌ಗಳ ಮೂಲಕ ನೈಟ್ರೇಟ್ ಹೇಗೆ ಹರಿದುಹೋಗುತ್ತದೆ ಅಂತ ನನ್ನ ಮಾಡೆಲ್‌ನ ಗ್ರಾಫ್ ತೋರಿಸುತ್ತಿದ್ದೆ. ಮುಂದೆ ನಿಂತಿದ್ದ ಅಜ್ಜ ಒಂದು ಹಿಡಿ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿ, ಈ ಮಣ್ಣಿಗೆ ಪೈಪ್ ಎಷ್ಟು ಅಡಿಗೊಂದು ಹಾಕಲಿ, ಎಕರೆಗೆ ಎಷ್ಟಾಗುತ್ತೆ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಎರಡು ವರ್ಷದ ಕೆಲಸ ಆ ಪ್ರಶ್ನೆಯಿಂದಲೇ ಹುಟ್ಟಿತು, ಸಂಶೋಧನೆಗೆ ಸಿಕ್ಕ ಗ್ರಾಂಟ್ ಸಮೇತ.

ಸಂಬಳ 9 ತಿಂಗಳದ್ದೋ 12 ತಿಂಗಳದ್ದೋ ಕೇಳಿ. 9 ಅಂದರೆ ಬೇಸಿಗೆಯ ಸಂಬಳವನ್ನು ಸಾಮಾನ್ಯವಾಗಿ ಗ್ರಾಂಟ್‌ನಿಂದ ನೀವೇ ತರಬೇಕು. ಲ್ಯಾಬ್ ಕಟ್ಟುವ ಸ್ಟಾರ್ಟಪ್ ಹಣದ ಚೌಕಾಸಿ ಸಹಿಗೆ ಮುಂಚೆಯೇ ಮುಗಿಯಲಿ, ಆಮೇಲೆ ಯಾರೂ ಕಿವಿಗೊಡುವುದಿಲ್ಲ.

ಇನ್ನು ವೀಸಾ. ಯೂನಿವರ್ಸಿಟಿಗಳ ಎಚ್-1ಬಿ ಲಾಟರಿಗೆ ಸೇರುವುದಿಲ್ಲ, ಅಷ್ಟರ ಮಟ್ಟಿಗೆ ನೆಮ್ಮದಿ. ಗ್ರೀನ್ ಕಾರ್ಡ್‌ಗೆ ಕಾಲೇಜು ಅಧ್ಯಾಪಕರಿಗೆಂದೇ ಸ್ಪೆಷಲ್ ಹ್ಯಾಂಡ್ಲಿಂಗ್ ಅನ್ನುವ ದಾರಿಯಿದೆ: ಮತ್ತೆ ಜಾಹೀರಾತು ಕೊಟ್ಟು ಹುಡುಕುವ ಗೋಜಿಲ್ಲ, ಆದರೆ ನಿಮ್ಮನ್ನು ಆಯ್ಕೆ ಮಾಡಿದ ದಿನದಿಂದ 18 ತಿಂಗಳೊಳಗೆ ಅರ್ಜಿ ಹೋಗಬೇಕು. ಕೆಲಸಕ್ಕೆ ಸೇರಿದ ದಿನದಿಂದ ಅಲ್ಲ! ಮತ್ತೆ ಅದೇ ಪರ್ಸೆಂಟ್ ಇಲ್ಲೂ ಅಡ್ಡ ಬರುತ್ತದೆ, ಹುದ್ದೆಯಲ್ಲಿ ತರಗತಿಯ ಪಾಠವೇ ಇಲ್ಲದಿದ್ದರೆ ಈ ದಾರಿ ಮುಚ್ಚಿದ ಹಾಗೆ. ಹಾಗಾಗಿ 100ಕ್ಕೆ 100 ಸಂಶೋಧನೆ ಅಂತ ಖುಷಿಪಡುವ ಮೊದಲು, ವರ್ಷಕ್ಕೊಂದು ಕೋರ್ಸ್ ಆದರೂ ಸೇರಿಸಿ ಅಂತ ವಿಭಾಗದ ಮುಖ್ಯಸ್ಥರನ್ನು ಕೇಳಿ.