ಐಡೆಂಟಿಟಿ ಕಳ್ಳತನ: ದುಡ್ಡು ಕಟ್ಟುವ ಮುಂಚೆ ಈ ಬೀಗ ಹಾಕಿ

ಅಮೆರಿಕದಲ್ಲಿ ಇರುವವರಿಗೆ ಇಂಥ ಕಾಗದ ಒಂದಲ್ಲ ಒಂದು ದಿನ ಬರುತ್ತದೆ: "ನಿಮ್ಮ ಮಾಹಿತಿ ಸೋರಿಕೆಯಾಗಿದೆ." ಅದರ ಬೆನ್ನಿಗೇ ಜಾಹೀರಾತು: ತಿಂಗಳಿಗಿಷ್ಟು ಡಾಲರ್ ಕಟ್ಟಿ, ನಿಮ್ಮ ಐಡೆಂಟಿಟಿಯನ್ನು ನಾವು ಕಾಯುತ್ತೇವೆ. ಗಾಬರಿಯಲ್ಲಿ ಕಾರ್ಡ್ ನಂಬರ್ ಕೊಟ್ಟುಬಿಡುತ್ತೇವೆ, ಅಲ್ವಾ? ನಾನೂ ಕೊಟ್ಟಿದ್ದೆ. ಎರಡು ವರ್ಷ ಕಟ್ಟಿದೆ. ಒಂದು ಬೆಳಿಗ್ಗೆ ಫೋನಿಗೆ ಎಚ್ಚರಿಕೆ ಬಂತು. ನಾನು ಕಾಲಿಡದ ಅಂಗಡಿಯೊಂದರ ಕ್ರೆಡಿಟ್ ಕಾರ್ಡನ್ನು ಯಾರೋ ನನ್ನ ಹೆಸರಿನಲ್ಲಿ ತೆಗೆದುಕೊಂಡಿದ್ದರು. ಎಚ್ಚರಿಕೆ ನಿಜವೇ. ಆದರೆ ಅಷ್ಟರಲ್ಲಿ ಆರು ದಿನ ಕಳೆದಿತ್ತು, ಖರೀದಿಯೂ ಮುಗಿದಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ದುಡ್ಡು ಕೊಟ್ಟು ಕೊಳ್ಳುವ ಸೇವೆಯ ಮುಖ್ಯ ಕೆಲಸ ನಿಗಾ ಇಡುವುದು. ಏನಾದರೂ ನಡೆದರೆ ಹೇಳುತ್ತದೆ, ತಡೆಯುವುದಿಲ್ಲ. ತಡೆಯುವ ಬೀಗ ಬೇರೆ ಇದೆ. ಅದು ಪೂರ್ತಿ ಉಚಿತ.

ಮೊದಲು ಫ್ರೀಜ್ ಮಾಡಿ

ಹೊಸ ಸಾಲ ಅಥವಾ ಕಾರ್ಡ್ ಕೊಡುವ ಮುಂಚೆ ಬ್ಯಾಂಕ್ ನಿಮ್ಮ ಕ್ರೆಡಿಟ್ ವರದಿಯನ್ನು, ಅಂದರೆ ನಿಮ್ಮ ಸಾಲ ಮತ್ತು ಕಾರ್ಡ್‌ಗಳ ಇತಿಹಾಸವನ್ನು, ನೋಡುತ್ತದೆ. ಕ್ರೆಡಿಟ್ ಫ್ರೀಜ್ ಹಾಕಿದ್ದರೆ ಆ ವರದಿ ಅದಕ್ಕೆ ಸಿಗುವುದಿಲ್ಲ. ವರದಿ ಸಿಗದಿದ್ದರೆ ಸಾಮಾನ್ಯವಾಗಿ ಸಾಲವೂ ಇಲ್ಲ. ಕಳ್ಳನ ಕೈಯಲ್ಲಿ ನಿಮ್ಮ ಸೋಶಿಯಲ್ ಸೆಕ್ಯೂರಿಟಿ ನಂಬರ್ (ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇದ್ದರೂ ಕೆಲಸ ಅಲ್ಲಿಗೇ ನಿಲ್ಲುತ್ತದೆ. 2018ರ ಸೆಪ್ಟೆಂಬರ್ 21ರಿಂದ ಇದು ಇಡೀ ದೇಶದಲ್ಲಿ ಕಾನೂನಿನಂತೆ ಉಚಿತ.

ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್, ಕ್ರೆಡಿಟ್ ವರದಿ ಇಟ್ಟುಕೊಳ್ಳುವ ಈ ಮೂರೂ ಕಂಪನಿಗಳಿಗೆ ಬೇರೆ ಬೇರೆಯಾಗಿ ಹೇಳಬೇಕು. ಒಂದಕ್ಕೆ ಹೇಳಿದರೆ ಉಳಿದವಕ್ಕೆ ಗೊತ್ತಾಗುವುದಿಲ್ಲ. ಒಂದು ಸಂಜೆ ಕೂತರೆ ಮೂರೂ ಮುಗಿಯುತ್ತದೆ. ಮೂರೂ ಖಾತೆಗಳ ಪಾಸ್‌ವರ್ಡ್ ಜೋಪಾನವಾಗಿ ಬರೆದಿಡಿ, ಮುಂದೆ ಬೇಕಾಗುತ್ತದೆ.

ಒಂದು ಕಡೆ ಹುಷಾರಾಗಿರಿ. ಸೈಟಿನಲ್ಲಿ "ಲಾಕ್" ಅನ್ನುವ ಬಟನ್ ಕಣ್ಣಿಗೆ ಬೀಳಬಹುದು. ಅದು ಆ ಕಂಪನಿಯ ಸ್ವಂತ ಸೇವೆ, ಕೆಲವು ಕಡೆ ತಿಂಗಳ ಶುಲ್ಕದ ಪ್ಯಾಕೇಜಿನ ಜೊತೆ ಬರುತ್ತದೆ. ನಿಮಗೆ ಬೇಕಾದದ್ದು "ಫ್ರೀಜ್". ಅದಕ್ಕೆ ಕಾನೂನಿನ ಬಲ ಇದೆ.

ನಾಳೆ ಕಾರ್ ಸಾಲ ಬೇಕಾದರೆ? ಯಾವ ಕಂಪನಿಯ ವರದಿ ನೋಡುತ್ತೀರಿ ಎಂದು ಸಾಲ ಕೊಡುವವರನ್ನೇ ಕೇಳಿ. ಅದೊಂದನ್ನು ಮಾತ್ರ ಎರಡು ಮೂರು ದಿನಕ್ಕೆ ತೆರೆಯಿರಿ. ಆನ್‌ಲೈನ್ ಅಥವಾ ಫೋನಿನಲ್ಲಿ ಕೇಳಿದರೆ ಒಂದು ಗಂಟೆಯೊಳಗೆ ತೆರೆಯಲೇಬೇಕು. ಫ್ರೀಜ್‌ನಿಂದ ನಿಮ್ಮ ಕ್ರೆಡಿಟ್ ಸ್ಕೋರ್ ಇಳಿಯುವುದಿಲ್ಲ, ಇರುವ ಕಾರ್ಡ್‌ಗಳೂ ಎಂದಿನಂತೆ ನಡೆಯುತ್ತವೆ.

ಮನೆಯಲ್ಲಿ 16ಕ್ಕಿಂತ ಚಿಕ್ಕ ಮಕ್ಕಳಿದ್ದರೆ ಅವರ ಹೆಸರಿಗೂ ಹಾಕಿಸಿ. ಮಗುವಿನ ನಂಬರ್ ದುರುಪಯೋಗವಾದರೆ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದೇ ಇಲ್ಲ. ನನ್ನ ಮಟ್ಟಿಗೆ ದೊಡ್ಡವರ ಫ್ರೀಜ್‌ಗಿಂತ ಇದೇ ಜಾಸ್ತಿ ಮುಖ್ಯ. ಇದಕ್ಕೆ ಸ್ವಲ್ಪ ಕಾಗದಪತ್ರ ಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಫ್ರೀಜ್ ಮುಟ್ಟದ ಜಾಗಗಳು

ಈಗಾಗಲೇ ಇರುವ ಕಾರ್ಡಿನ ದುರುಪಯೋಗವನ್ನು ಫ್ರೀಜ್ ತಡೆಯದು. ಅದಕ್ಕೆ ಬ್ಯಾಂಕ್ ಆ್ಯಪಿನಲ್ಲಿ ಪ್ರತಿ ಖರೀದಿಗೂ ಮೆಸೇಜ್ ಬರುವಂತೆ ಇಟ್ಟುಕೊಳ್ಳಿ. ನಿಮ್ಮ ಹೆಸರಿನಲ್ಲಿ ಬೇರೆಯವರು ಟ್ಯಾಕ್ಸ್ ರಿಟರ್ನ್ ಹಾಕಿ ರೀಫಂಡ್ ಹೊಡೆಯದಂತೆ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಉಚಿತವಾಗಿ ಐಪಿ ಪಿನ್ ಎಂಬ ಆರು ಅಂಕಿಯ ಗುಪ್ತ ಸಂಖ್ಯೆ ಕೊಡುತ್ತದೆ. ಅದು ಪ್ರತಿ ವರ್ಷ ಬದಲಾಗುತ್ತದೆ. ಆ್ಯನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಲ್ಲಿ ಮೂರೂ ವರದಿಗಳು ವಾರಕ್ಕೊಮ್ಮೆ ಪುಕ್ಕಟೆ. ಮೂರು ನಾಲ್ಕು ತಿಂಗಳಿಗೊಮ್ಮೆ ನೋಡಿದರೂ ಸಾಕು. ನಿಮಗೆ ಗುರುತು ಸಿಗದ ವಿಳಾಸ, ಗುರುತು ಸಿಗದ ಖಾತೆ ಇದೆಯಾ ಅಂತ ಮೊದಲು ಹುಡುಕಿ.

ಇಷ್ಟಾದ ಮೇಲೆ ದುಡ್ಡಿನ ಲೆಕ್ಕ

ದುಡ್ಡು ಕೊಟ್ಟು ಕೊಳ್ಳುವ ಸೇವೆ ಏನೇನು ಮಾಡುತ್ತದೆ ಎಂಬ ಪಟ್ಟಿಯನ್ನು ಈಗ ಕೈಗೆತ್ತಿಕೊಳ್ಳಿ. ನೀವೇ ಮಾಡಿದ್ದನ್ನೆಲ್ಲ ಪೆನ್ನಿನಿಂದ ಹೊಡೆದುಹಾಕಿ. ಸಾಮಾನ್ಯವಾಗಿ ಉಳಿಯುವುದು ಮೂರು: ಡಾರ್ಕ್ ವೆಬ್ (ಕದ್ದ ಮಾಹಿತಿ ಮಾರಾಟವಾಗುವ ಗುಪ್ತ ಇಂಟರ್ನೆಟ್) ಹುಡುಕಾಟ, ವಿಮೆ, ಕಳ್ಳತನವಾದಾಗ ಜೊತೆಗೆ ನಿಂತು ಕೆಲಸ ಮಾಡಿಕೊಡುವ ಮನುಷ್ಯ.

ಡಾರ್ಕ್ ವೆಬ್ಬಿನಲ್ಲಿ ನಂಬರ್ ಸಿಕ್ಕಿದೆ ಅಂತ ಹೇಳಬಹುದೇ ಹೊರತು ಅಲ್ಲಿಂದ ಅಳಿಸಲು ಆಗುವುದಿಲ್ಲ. "ಹತ್ತು ಲಕ್ಷ ಡಾಲರ್ ವಿಮೆ" ಎಂದಾಗ ಪಾಲಿಸಿ ತೆರೆದು ಓದಿ. ದೊಡ್ಡ ಮೊತ್ತ ಹೆಚ್ಚಾಗಿ ವಕೀಲರಿಗೆ, ಪತ್ರ ವ್ಯವಹಾರಕ್ಕೆ, ಕಳೆದುಕೊಂಡ ಸಂಬಳಕ್ಕೆ. ಕದ್ದ ಹಣ ತುಂಬಿಕೊಡಲು ಬೇರೆ ಮಿತಿ ಇರಬಹುದು. ಕ್ರೆಡಿಟ್ ಕಾರ್ಡ್ ದುರುಪಯೋಗದಲ್ಲಿ ನಿಮ್ಮ ಹೊಣೆ ಕಾನೂನಿನ ಪ್ರಕಾರ ಹೇಗೂ 50 ಡಾಲರ್ ದಾಟುವುದಿಲ್ಲ.

ಜಾಹೀರಾತನ್ನು ಪೂರ್ತಿ ನಂಬಬೇಡಿ ಎನ್ನಲು ಕಾರಣ ಇದೆ. ಲೈಫ್‌ಲಾಕ್ ಇಂಥದೇ ಕಾವಲು ಸೇವೆ ಮಾರುವ ಕಂಪನಿ. ಅದರ ಮುಖ್ಯಸ್ಥರಾಗಿದ್ದ ಟಾಡ್ ಡೇವಿಸ್ ತಮ್ಮ ಸೋಶಿಯಲ್ ಸೆಕ್ಯೂರಿಟಿ ನಂಬರನ್ನೇ ಜಾಹೀರಾತಿನಲ್ಲಿ ಬಹಿರಂಗವಾಗಿ ಹಾಕಿಸಿದ್ದರು. ಆ ನಂಬರ್ ಬಳಸಿ ಬೇರೆಯವರು ಸಾಲ ತೆಗೆದರು. ಸೇವೆಯ ಬಗ್ಗೆ ಸುಳ್ಳು ಭರವಸೆ ಕೊಟ್ಟ ಆರೋಪದ ಮೇಲೆ 2010ರಲ್ಲಿ ಕಂಪನಿ 1.2 ಕೋಟಿ ಡಾಲರ್, 2015ರಲ್ಲಿ ಮತ್ತೆ 10 ಕೋಟಿ ಡಾಲರ್ ಕೊಡಲು ಒಪ್ಪಿತು.

ನನಗೆ ಬೆಲೆಯುಳ್ಳದ್ದು ಅನ್ನಿಸುವುದು ಆ ಮೂರನೆಯದು, ಜೊತೆಗೆ ನಿಲ್ಲುವ ಮನುಷ್ಯ. ನನ್ನ ಹೆಸರಿನ ಕಾರ್ಡ್ ಮುಚ್ಚಿಸಲು ಎಷ್ಟು ಫೋನ್, ಎಷ್ಟು ಕಾಗದ! ಪ್ರತಿ ಸಲ ಹೊಸ ಧ್ವನಿ, ಮತ್ತೆ ಮೊದಲಿನಿಂದ ಕಥೆ. ವಯಸ್ಸಾದ ಅಪ್ಪ ಅಮ್ಮನಿಗೆ, ಈಗಾಗಲೇ ಒಮ್ಮೆ ಸಿಕ್ಕಿಬಿದ್ದವರಿಗೆ, ನಿಜವಾಗಿಯೂ ಪುರುಸೊತ್ತಿಲ್ಲದವರಿಗೆ ಅಂಥ ಒಬ್ಬರು ಸಿಕ್ಕರೆ ಕೊಟ್ಟ ದುಡ್ಡು ದಂಡವಲ್ಲ. ಸೇರುವ ಮುಂಚೆ ಫೋನ್ ಮಾಡಿ ಕೇಳಿ: ನನ್ನ ಪರವಾಗಿ ನೀವೇ ಕರೆ ಮಾಡುತ್ತೀರಾ, ಅಥವಾ ಸುಮ್ನೆ ಸಲಹೆ ಕೊಡುತ್ತೀರಾ? ಸಲಹೆ ಮಾತ್ರ ಎಂದರೆ ಬೇಡ. ಯಾವ ಕ್ರಮದಲ್ಲಿ ಏನು ಮಾಡಬೇಕು ಎಂಬ ಪಟ್ಟಿಯನ್ನೂ ಪತ್ರಗಳ ಮಾದರಿಯನ್ನೂ ಸರ್ಕಾರದ ಐಡೆಂಟಿಟಿ ಥೆಫ್ಟ್ ಡಾಟ್ ಗವ್ ಉಚಿತವಾಗಿ ಕೊಡುತ್ತದೆ.

ಮಾಹಿತಿ ಸೋರಿಸಿದ ಕಂಪನಿಯೇ ಒಂದೆರಡು ವರ್ಷ ಉಚಿತ ನಿಗಾ ಕೊಡುವುದುಂಟು. ಅದನ್ನು ಬಿಡಬೇಡಿ, ತೆಗೆದುಕೊಳ್ಳಿ. ಕಾರ್ಡ್ ನಂಬರ್ ಕೇಳಿದರೆ, ಶುಲ್ಕ ಶುರುವಾಗುವ ಮುಂಚೆ ರದ್ದು ಮಾಡಲು, ಅವಧಿ ಮುಗಿಯುವ ಒಂದು ವಾರ ಮುಂಚಿನ ದಿನಾಂಕವನ್ನು ಅವತ್ತೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ.