ನಾಲ್ಕು ದಾರ ಹಿಡಿದ ಮೇಲೆ ಅರ್ಥವಾದ ಲೆಕ್ಕ

ಹಾಸನದಲ್ಲಿ ಬಿ.ಎಸ್ಸಿ. ಓದುವಾಗ ಲಿಂಕೇಜ್ ಲೆಕ್ಕಗಳನ್ನೆಲ್ಲ, ಅಂದರೆ ಒಂದೇ ಕ್ರೋಮೋಸೋಮ್ ಮೇಲಿನ ಜೀನ್‌ಗಳು ಎಷ್ಟು ಸಲ ಜೊತೆಯಾಗಿ ಹೋಗುತ್ತವೆ, ಎಷ್ಟು ಸಲ ಬೇರೆಯಾಗುತ್ತವೆ ಅನ್ನುವ ಲೆಕ್ಕಗಳನ್ನು, ಸರಿಯಾಗಿಯೇ ಮಾಡುತ್ತಿದ್ದೆ. ಅರ್ಥ ಮಾತ್ರ ಆಗಿರಲಿಲ್ಲ. ಪುಸ್ತಕದಲ್ಲಿದ್ದ, ಮಿಶ್ರತಳಿ ಹಣ್ಣುನೊಣದ ಮರಿಗಳ ಅಂಕಿಗಳು ನನಗೆ ಬಾಯಿಪಾಠ. ಬೂದು ಮೈ, ಪೂರ್ಣ ರೆಕ್ಕೆಯವು 965. ಕಪ್ಪು ಮೈ, ಮೊಟಕು ರೆಕ್ಕೆಯವು 944. ಇವೆರಡೂ ಮೂಲ ತಳಿಗಳ ಹಾಗೇ. ಗುಣ ಅದಲುಬದಲಾದವು 206 ಮತ್ತು 185. ಒಟ್ಟು 2300ರಲ್ಲಿ 391, ಅಂದರೆ ಶೇ. 17. ಹಾಗಾಗಿ ಆ ಎರಡು ಜೀನ್‌ಗಳ ನಡುವೆ 17 ಸೆಂಟಿಮಾರ್ಗನ್ ದೂರ (ಶೇ. 1 ಬೇರೆಯಾದರೆ 1 ಸೆಂಟಿಮಾರ್ಗನ್ ಅಂತ ಲೆಕ್ಕ).

ಸರಿ. ಆದರೆ ಜೀನ್‌ಗಳು ಎಷ್ಟೇ ದೂರ ಇದ್ದರೂ ಹೀಗೆ ಬೇರೆಯಾಗುವ ಪ್ರಮಾಣ ಶೇ. 50 ದಾಟುವುದಿಲ್ಲ ಅಂತಾರಲ್ಲ, ಅದು ಯಾಕೆ? ‘ಅದು ನಿಯಮ, ಬರ್ಕೊ’ ಅಂದರು ಪಾಠ ಮಾಡುವವರು. ನನಗೆ ಸಮಾಧಾನ ಆಗಲಿಲ್ಲ.

ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ಕೆಂಪು, ಬಿಳಿ ಮಣಿ ಕೊಂಡು ತಂದೆ. ಒಂದು ದಾರಕ್ಕೆ 11 ಕೆಂಪು, ಇನ್ನೊಂದಕ್ಕೆ 11 ಬಿಳಿ. ಇವೇ ಜೋಡಿ ಕ್ರೋಮೋಸೋಮ್, ಮಣಿಗಳೇ ಜೀನ್. ಜೋಡಿ ಕ್ರೋಮೋಸೋಮ್‌ಗಳು ತುಂಡು ಅದಲುಬದಲು ಮಾಡಿಕೊಳ್ಳುವುದನ್ನು ಮಣಿಯಲ್ಲಿ ಮಾಡಿ ನೋಡಬೇಕಿತ್ತು. ಮಣಿಗಳ ನಡುವೆ 10 ಸಂದು. ಲೋಟದಲ್ಲಿ 1ರಿಂದ 10ರವರೆಗೆ ಚೀಟಿ. ಯಾವ ನಂಬರ್ ಬಂತೋ ಆ ಸಂದಿನಿಂದ ಕೆಳಗಿನ ಮಣಿಗಳನ್ನು ಕಳಚಿ ಎದುರಿನ ದಾರಕ್ಕೆ ಪೋಣಿಸುವುದು, ಬರೆದುಕೊಳ್ಳುವುದು, ಮತ್ತೆ ಮೊದಲಿನಂತೆ ಮಾಡುವುದು. ಎರಡೂ ದಾರದ 3, 5, 10ನೇ ಮಣಿಗಳಿಗೆ ಪೆನ್ನಿನಿಂದ ಗುರುತು ಮಾಡಿದ್ದೆ.

ಅಮ್ಮ ಪಕ್ಕದಲ್ಲೇ ಹೂ ಕಟ್ಟುತ್ತಾ ನೋಡುತ್ತಿದ್ದರು. “ಹತ್ರ ಇರೋವು ಜೊತೇಲೇ ಹೋಗ್ತವೆ, ದೂರ ಇರೋವು ಬೇರೆ ಆಗ್ತವೆ. ಅಷ್ಟೇ ಅಲ್ವೇನೇ?” ಅಂದರು. ಅಷ್ಟೇ! 1911ರಲ್ಲಿ, ಇನ್ನೂ ಡಿಗ್ರಿ ಓದುತ್ತಿದ್ದ ತಳಿವಿಜ್ಞಾನಿ ಸ್ಟರ್ಟೆವಾಂಟ್ ಹೋಮ್‌ವರ್ಕ್ ಬಿಟ್ಟು ಒಂದು ರಾತ್ರಿ ಕೂತು ಮೊದಲ ಜೀನ್ ನಕ್ಷೆ ಬರೆದದ್ದು ಇದೇ ಯೋಚನೆಯಿಂದ. ಅದು 1913ರಲ್ಲಿ ಪ್ರಕಟವಾಯಿತು.

ನೂರು ಸಲ ಚೀಟಿ ಎತ್ತಿದೆ. 3 ಮತ್ತು 5 ಬೇರೆಯಾದದ್ದು 19 ಸಲ. 3 ಮತ್ತು 10 ಬೇರೆಯಾದದ್ದು 68 ಸಲ. ಐವತ್ತು ದಾಟಿಬಿಟ್ಟಿತ್ತು! ತಪ್ಪು ಎಲ್ಲಿ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ.

ತಪ್ಪು ದಾರದಲ್ಲೇ ಇತ್ತು. ಮಿಯೋಸಿಸ್‌ನಲ್ಲಿ, ಅಂದರೆ ಅಂಡಾಣು, ವೀರ್ಯಾಣು ಆಗುವ ಕೋಶವಿಭಜನೆಯಲ್ಲಿ, ಈ ಅದಲುಬದಲು ನಡೆಯುವ ಹೊತ್ತಿಗೆ ಪ್ರತಿ ಕ್ರೋಮೋಸೋಮ್ ಆಗಲೇ ಎರಡು ಎಳೆ ಆಗಿರುತ್ತದೆ. ಅಂದರೆ ನಾನು ಹಿಡಿಯಬೇಕಾದದ್ದು ನಾಲ್ಕು ದಾರ. ಒಂದು ಜಾಗದಲ್ಲಿ ಅದಲುಬದಲಾಗುವುದು ಒಂದು ಕೆಂಪು, ಒಂದು ಬಿಳಿ ಎಳೆಯ ನಡುವೆ ಮಾತ್ರ. ಉಳಿದೆರಡು ಇದ್ದ ಹಾಗೇ ಇರುತ್ತವೆ. ಲೆಕ್ಕ ಮತ್ತೆ ಹಾಕಿದೆ. ನೂರು ಸಲಕ್ಕೆ 400 ಎಳೆ. 68 ಸಲ ಎರಡೆರಡು, ಅಂದರೆ 136 ಬೆರಕೆ ಎಳೆ. ಶೇ. 34. ನೂರಕ್ಕೆ ನೂರು ಸಲ ಬೇರೆಯಾದರೂ 400ರಲ್ಲಿ 200, ಬರೀ ಅರ್ಧ! ನಡುವೆ ಎರಡು ಕಡೆ ಅದಲುಬದಲಾದರೆ? ಅದನ್ನೂ ಮಾಡಿ ನೋಡಿದೆ. ನಾಲ್ಕು ಎಳೆಯಲ್ಲಿ ಒಮ್ಮೆ ಸೊನ್ನೆ, ಒಮ್ಮೆ ಎರಡು, ಒಮ್ಮೆ ನಾಲ್ಕೂ ಬೆರಕೆ. ಎರಡು ಬರುವುದೇ ಜಾಸ್ತಿ, ಸರಾಸರಿಯೂ ಎರಡೇ. ಆವತ್ತು ಆದ ಖುಷಿ ಹೇಳತೀರದು.

ಈಗ ನಾನೇ ಪಿಯು ಮಕ್ಕಳಿಗೆ ಪಾಠ ಮಾಡುತ್ತೇನೆ. ಮೊದಲ ದಿನವೇ ನಾಲ್ಕು ದಾರ ಕೊಡುತ್ತೇನೆ, ಎರಡರಿಂದ ಶುರು ಮಾಡಿಸುವುದೇ ಇಲ್ಲ. ಜೊತೆಗೆ ಇನ್ನೊಂದು ಮಾತು ಹೇಳುತ್ತೇನೆ. ಗಂಡು ಹಣ್ಣುನೊಣದಲ್ಲಿ ಈ ಅದಲುಬದಲು ನಡೆಯುವುದಿಲ್ಲ. ಆದ್ದರಿಂದ ಲೆಕ್ಕಕ್ಕೆ ಕೈ ಹಾಕುವ ಮೊದಲು ಮಿಶ್ರತಳಿ ನೊಣ ಹೆಣ್ಣೋ ಗಂಡೋ ಅಂತ ನೋಡಿಕೊಳ್ಳಿ.